ತಮ್ಮನ ಮೂಗು

"ನಿನಗೆ ಬ್ರದರ್ ಇದ್ದಾನೆಯೇ?" ಎಂದು ಮುದುಕಿ ಮೂರನೆಯ ಸಲ ಕೇಳಿದಾಗ ಶಿವಕುಮಾರನಿಗೆ ನಗು ತಡೆಯಲಾಗಲಿಲ್ಲ.

ಟಕ್ವಿಲಾದ ದೊಡ್ಡ ಮಾಲಿನ ಹಿಂದೆ, ಗೋದಾಮುಗಳ ಸಾಲು ಮುಗಿಯುವಲ್ಲಿ ಅವಳ ಮನೆ. ಹೆಸರು ಸ್ಮರಾಂಡಾ, ರುಮೇನಿಯಾದವಳು. ವೃದ್ಧಾಶ್ರಮಕ್ಕೆ ಹೊರಟಿದ್ದವಳು ಮನೆಯ ಸಾಮಾನನ್ನೆಲ್ಲ ಅಂಗಳದಲ್ಲಿ ಹರಡಿ ಬೇಕಾದವರು ಒಯ್ಯಿರಿ ಎಂದು ಬೋರ್ಡು ಹಾಕಿದ್ದಳು. ಶಿವಕುಮಾರ ಅಲ್ಲಿಂದ ಎರಡು ಬೀದಿ ಆಚೆ, ವಿಮಾನದ ಬಿಡಿಭಾಗ ಮಾಡುವ ಕಾರ್ಖಾನೆಯಲ್ಲಿ ತಪಾಸಣೆಯ ಎಂಜಿನಿಯರ್. ಅಮೆರಿಕಕ್ಕೆ ಬಂದು ಎಂಟು ತಿಂಗಳಾಗಿತ್ತು. ೨೦೧೩ರ ಅಕ್ಟೋಬರಿನ ಒಂದು ಶನಿವಾರ ಅರ್ಧ ದಿನದ ಕೆಲಸ ಮುಗಿಸಿ ಹೊರಟವನಿಗೆ ಅವಳ ಗ್ಯಾರೇಜಿನ ಒಳಮೂಲೆಯಲ್ಲಿ ಆ ಕುರ್ಚಿ ಕಂಡಿತ್ತು.

ಆಳೆತ್ತರದ ಬೆನ್ನು. ಕರಿಮರ. ಮುಟ್ಟಿದರೆ ಬೀಟೆಯ ಹಾಗೆ ತಣ್ಣಗೆ. ಬೆನ್ನಿನ ತುದಿಯಲ್ಲಿ ಕೊಕ್ಕಿನಿಂದ ಶಿಲುಬೆ ಕಚ್ಚಿದ ಹಕ್ಕಿಯ ಕೆತ್ತನೆ. ಕೂರುವ ಜಾಗಕ್ಕೆ ಹೊದಿಸಿದ ತೊಗಲು ಸುಕ್ಕುಗಟ್ಟಿ, ಎಮ್ಮೆಯ ಕೆಚ್ಚಲಿನ ಬಣ್ಣಕ್ಕೆ ತಿರುಗಿತ್ತು. ಯಾರೂ ಕೂರದ ಹಾಗೆ ಎರಡು ಕೈಗಳ ನಡುವೆ ಸೆಣಬಿನ ಹಗ್ಗ ಬಿಗಿದಿತ್ತು. ಮಧುರಾಳಿಗೆ ಆಗ ಐದನೆಯ ತಿಂಗಳು. ಸೀಮಂತದ ದಿನ ಹೆಂಡತಿಯನ್ನು ಮಡಚುವ ಕುರ್ಚಿಯ ಮೇಲೆ ಕೂರಿಸಬೇಕಲ್ಲ ಎಂದು ಕೊರಗುತ್ತಿದ್ದವನಿಗೆ ಇದು ಹುಡುಕಿದ ಬಳ್ಳಿ ಕಾಲಿಗೆ ತೊಡರಿದ ಹಾಗಾಯಿತು.

ಮುದುಕಿ ಕೊಡಲು ತಯಾರಿದ್ದಳು. ಆದರೆ ಮೊದಲು ಹೇಳಬೇಕಾದ್ದನ್ನು ಹೇಳಿಯೇ ಕೊಡುವವಳು. ತಡವರಿಸುವ ಇಂಗ್ಲಿಷಿನಲ್ಲಿ, ಒಂದೊಂದೇ ಮಾತು ಹೆಕ್ಕಿ ಹೇಳಿದಳು.

"ಹಿಂದೆ ನಮ್ಮ ವಲಾಖಿಯಾ ರಾಜ್ಯದಲ್ಲಿ ಹಿರಿಮಗನಿಗೇ ಪಟ್ಟ ಎಂದಿರಲಿಲ್ಲ. ರಾಜನ ರಕ್ತದಲ್ಲಿ ಹುಟ್ಟಿದ ಯಾವ ಗಂಡಾದರೂ ಗಾದಿ ಕೇಳಬಹುದು, ರಾಣಿಯ ಮಗನಾಗಲಿ ದಾಸಿಯ ಮಗನಾಗಲಿ. ಈ ವರ್ಷ ತುರ್ಕರ ದಂಡು ಕಟ್ಟಿಕೊಂಡು ತಮ್ಮ ಬರುತ್ತಿದ್ದ. ಮುಂದಿನ ವರ್ಷ ಹಂಗೇರಿಯವರನ್ನು ಕರೆದುಕೊಂಡು ಅಣ್ಣ. ಒಂದೇ ಒಂದು ಕಟ್ಟುಪಾಡು. ಅಂಗ ಊನವಾದವನು ಗಾದಿಯ ಮೇಲೆ ಕೂರುವಂತಿಲ್ಲ."

"ನಮ್ಮಲ್ಲೂ ಹಾಗೇ," ಎಂದ ಶಿವಕುಮಾರ. "ಕಾರ್ಖಾನೆಯಲ್ಲಿ ಕೆಟ್ಟ ಭಾಗ ಸಿಕ್ಕರೆ ಸುಮ್ಮನೆ ಎಸೆಯುವುದಿಲ್ಲ. ಯಾರಾದರೂ ಎತ್ತಿಕೊಂಡು ಹೋಗಿ ವಿಮಾನಕ್ಕೆ ಜೋಡಿಸಿಬಿಟ್ಟರೆ? ಗರಗಸದಿಂದ ಕೊಯ್ದು ವಿಕಾರ ಮಾಡಿಯೇ ಎಸೆಯುತ್ತೇವೆ."

ಮುದುಕಿ ನಗಲಿಲ್ಲ. "ರಾದು ಅಂತ ಅಣ್ಣ, ಕೋಸ್ತಿಯಾ ಅಂತ ತಮ್ಮ. ಇವರು ನಿನ್ನ ಯಾವ ಪುಸ್ತಕದಲ್ಲೂ ಸಿಗುವುದಿಲ್ಲ. ತಮ್ಮನನ್ನು ಕೊಂದರೆ ಪಾಪ ಎಂದು ರಾದು ಹಬ್ಬದ ಊಟಕ್ಕೆ ಕರೆದು, ರೊಟ್ಟಿ ಕೊಯ್ಯುವ ಚಾಕುವಿನಲ್ಲಿ ಅವನ ಮೂಗು ಕೊಯ್ಸಿದ. ಕೊಯ್ಸಿ ಇದೇ ಗಾದಿಯ ಕೆಳಗಿನ ಕೋಣೆಯಲ್ಲೇ ಕೂಡಿಹಾಕಿದ. ಗಾಯ ಕೊಳೆಯಿತು. ಹುಳ ಬಿತ್ತು. ಗಾಯ ತೊಳೆಯುತ್ತಿದ್ದ ಹೆಂಗಸು ಮಾಟ ಬಲ್ಲವಳು. ಕೀವು ಒರೆಸಿದ ಬಟ್ಟೆಯನ್ನು ಈ ತೊಗಲಿನ ಕೆಳಗಿಟ್ಟು ಹೊಲಿದಳು. ಇದರ ಮೇಲೆ ಕೂತವನಿಗೆ ಅವನ ತಮ್ಮನ ಮೂಗು ನಾರಲಿ, ತಾನೇ ಅದನ್ನು ಕೊಯ್ಯುವವರೆಗೂ ನಾರಲಿ ಎಂದು."

ಗೋಡೆಗೆ ಒರಗಿಸಿದ್ದ ಒಂದು ಫೋಟೋ ತೋರಿಸಿದಳು. ಸೂಟು ಹಾಕಿದ ಗಂಡಸು. ಕಣ್ಣಿನ ಕೆಳಗಿನಿಂದ ತುಟಿಯವರೆಗೆ ಚರ್ಮದ ಪಟ್ಟಿ ಕಟ್ಟಿದ್ದ. "ನನ್ನ ಗಂಡ. ಅವನ ಅಣ್ಣ ಒಂದು ಸಂಜೆ ಕುಡಿದು ಬಂದು ಇದರ ಮೇಲೆ ಕೂತ."

ಕ್ಯಾನ್ಸರ್ ಇದ್ದಿರಬೇಕು ಎಂದುಕೊಂಡ ಶಿವಕುಮಾರ. "ಸುಟ್ಟುಬಿಡಬಹುದಿತ್ತಲ್ಲ?"

"ಸುಟ್ಟರೆ ಹೊಗೆ ಊರಿನ ಮೂಗಿಗೆಲ್ಲ ಹೋಗುತ್ತದೆ. ಬ್ರದರ್ ಇಲ್ಲದವನು ಕೂತರೆ ಅವನು ಇರುವವರೆಗೂ ಇದು ಮಲಗಿರುತ್ತದೆ. ಅದಕ್ಕೇ ಕೇಳುತ್ತಿದ್ದೇನೆ."

"ಇಲ್ಲಮ್ಮ. ನಮ್ಮಪ್ಪನಿಗೆ ನಾನೊಬ್ಬನೇ. ಕಸಿನ್ ಇದ್ದಾನೆ, ಅಷ್ಟೇ. ನಿಮ್ಮ ರಾಜರು ಕಸಿನ್‌ಗಳ ತಂಟೆಗೂ ಹೋಗುತ್ತಿದ್ದರೋ?" ಎಂದು ನಕ್ಕ.

ಮುದುಕಿ ಪಕ್ಕಕ್ಕೆ ಸರಿದು ದಾರಿ ಬಿಟ್ಟಳು.

ಕ್ರಾಸ್‌ರೋಡ್ಸ್ ಬಡಾವಣೆಯ ತನ್ನ ಎರಡನೆಯ ಮಹಡಿಯ ಅಪಾರ್ಟ್‌ಮೆಂಟಿಗೆ ಅದನ್ನು ಹತ್ತಿಸುವಷ್ಟರಲ್ಲಿ ಅವನ ಬೆನ್ನು ಮುರಿಯಿತು. ಮಧುರಾ ಮೈಸೂರಿನವಳು, ಬಾಗಿಲಲ್ಲೇ ನಿಂತು ಸೊಂಟದ ಮೇಲೆ ಕೈಯಿಟ್ಟಳು.

"ಇದೇನ್ರೀ ಇದು? ಕೋರ್ಟಲ್ಲಿ ಜಡ್ಜ್ ಕೂರೋ ಥರ ಇದೆ. ನನ್ನನ್ನೇನು ಇದರ ಮೇಲೆ ಕೂರಿಸಿ ವಿಚಾರಣೆ ಮಾಡ್ತೀರಾ?"

ಮುದುಕಿಯ ಕತೆ ಹೇಳಿದಾಗ ಅವಳ ಮುಖ ಸಣ್ಣದಾಯಿತು. "ಬೇಡ ರೀ. ವಾಪಸ್ ಕೊಟ್ಬಿಡಿ."

"ನಿಂಬೆಹಣ್ಣು, ಕುಂಕುಮ, ತಲೆಕೂದಲು ಇಲ್ಲದೆ ಯಾವ ಮಾಟವೇ?" ಎನ್ನುತ್ತ ಅವನು ಅಡಿಗೆಮನೆಯ ಕತ್ತರಿಯಿಂದ ಹಗ್ಗ ಕತ್ತರಿಸಿ, ಕಾಲ ಮೇಲೆ ಕಾಲು ಹಾಕಿ ಕೂತ. "ಯಾರಲ್ಲಿ! ಮಹಾರಾಜರಿಗೆ ಕಾಫಿ ತನ್ನಿ!"

ಒಂದು ತಿಂಗಳು ಏನೂ ಆಗಲಿಲ್ಲ.

ನವೆಂಬರ್ ಕೊನೆಯಲ್ಲಿ ಸಂದೀಪ್ ಬಂದ. ಅವನಿಗೂ ಇಲ್ಲೇ ಕೆಲಸ ಸಿಕ್ಕಿತ್ತು. ಮನೆ ಸಿಗುವವರೆಗೆ ಇವರಲ್ಲೇ ಇರುವವನು. ಶಿವಕುಮಾರ ಮುದುಕಿಗೆ ಕಸಿನ್ ಎಂದಿದ್ದು ಇವನನ್ನೇ, ಚಿಕ್ಕಪ್ಪನ ಮಗ. ನಾಗಮಂಗಲದ ಹತ್ತಿರದ ಊರು. ಚಿಕ್ಕಪ್ಪ ಕಬ್ಬಿನ ಗದ್ದೆಯಲ್ಲಿ ಹಾವು ಕಚ್ಚಿ ಹೋದಾಗ ಸಂದೀಪನಿಗೆ ಎರಡು ವರ್ಷ. ಅಲ್ಲಿಂದ ಇಬ್ಬರೂ ಒಂದೇ ತಟ್ಟೆಯಲ್ಲಿ ಉಂಡು, ಒಂದೇ ಕಂಬಳಿಯಲ್ಲಿ ಮಲಗಿ ಬೆಳೆದವರು. ಊರಿನಲ್ಲಿ ಯಾರೂ ಅವರನ್ನು ಬೇರೆ ಎಂದುಕೊಂಡಿರಲಿಲ್ಲ. ಬೇರೆ ಎಂದು ಹೇಳುವ ಪದವೇ ಊರಿನಲ್ಲಿರಲಿಲ್ಲ. ಇಲ್ಲಿ ಕೆಲಸಕ್ಕೆ ಸೇರಿದ ಹೊಸದರಲ್ಲಿ ಫೋಟೋ ತೋರಿಸಿ ನನ್ನ ಕಸಿನ್ ಬ್ರದರ್ ಎಂದಾಗ, ಕಸಿನ್ನೋ ಬ್ರದರ್ರೋ ಯಾವುದಾದರೂ ಒಂದು ಹೇಳು ಎಂದು ಜೊತೆಯವರು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರು. ಅಂದಿನಿಂದ ಶಿವಕುಮಾರ ಬರೀ ಕಸಿನ್ ಎನ್ನುವುದನ್ನು ಕಷ್ಟಪಟ್ಟು ರೂಢಿಸಿಕೊಂಡಿದ್ದ.

ಬಾಗಿಲು ತೆರೆಯುತ್ತಲೇ ಸಂದೀಪ್ ಸೂಟ್‌ಕೇಸು ಬಿಟ್ಟು ತಬ್ಬಿಕೊಂಡ. "ಅಣ್ಣೋ! ಏನಣ್ಣೋ, ಹಿಂಗ್ ಸೊರಗೋಗಿದೀಯಾ! ಅತ್ತಿಗೆ ಮುದ್ದೆ ಹಾಕಾಕಿಲ್ವಾ?"

ಅಣ್ಣ ಎಂಬ ಆ ಮಾತು ಕೋಣೆಯೊಳಗೆ ಬಿದ್ದ ಕೂಡಲೇ ವಾಸನೆ ಎದ್ದಿತು.

ಮೊದಲು ತೆಳ್ಳಗೆ, ಸಿಹಿಯಾಗಿ, ಕೊಳೆತ ಹಲಸಿನ ತೊಳೆಯಂತೆ. ಆಮೇಲೆ ಅದರ ಅಡಿಯಿಂದ ಬೇರೊಂದು. ಶಿವಕುಮಾರನಿಗೆ ಅದು ಗೊತ್ತಿದ್ದ ವಾಸನೆ. ಚಿಕ್ಕಂದಿನಲ್ಲಿ ಅವರ ಎತ್ತಿಗೆ ನೊಗ ಉಜ್ಜಿ ಹೆಗಲು ಹುಣ್ಣಾಗಿ ಹುಳ ಬಿದ್ದಿತ್ತು. ಅಪ್ಪ ಸೀತಾಫಲದ ಎಲೆ ಅರೆದು ಮೆತ್ತಿ, ಕಡ್ಡಿಯಿಂದ ಒಂದೊಂದೇ ಬಿಳಿ ಹುಳವನ್ನು ಎತ್ತಿ ಬೂದಿಗೆ ಹಾಕುವಾಗ ಇವನು ಲಾಟೀನು ಹಿಡಿದಿದ್ದ. ಅದೇ ವಾಸನೆ. ಈಗ ತಮ್ಮನ ಮುಖದಿಂದ ಬರುತ್ತಿತ್ತು.

"ಹೋಗಿ ಮೀಯ್ಲಾ ಮೊದ್ಲು. ನಾರ್ತಿದೀಯ."

"ಒಂದ್ ದಿನ್ವೆಲ್ಲಾ ಪ್ಲೇನಲ್ ಕೂತ್ಕೊಂಡ್ ಬಂದಿವ್ನಿ, ನಾರ್ದೆ ಗಂಧದೆಣ್ಣೆ ಘಮಘಮ ಅಂತದಾ?" ಎಂದು ನಗುತ್ತ ಸಂದೀಪ್ ಬಚ್ಚಲಿಗೆ ನಡೆದ.

ಮಿಂದು ಬಂದ. ವಾಸನೆಯೂ ಬಂತು.

ಆ ರಾತ್ರಿಯ ಊಟಕ್ಕೆ ಸಂದೀಪನೇ ಮುದ್ದೆ ತೊಳಸಿ ಉಪ್ಸಾರು ಮಾಡಿದ್ದ. ಎದುರು ಕೂತು ಮುದ್ದೆ ಮುರಿದು ನುಂಗುತ್ತ ಊರಿನ ಸುದ್ದಿ ಹೇಳಿದ. ಅವನು ಬಾಯಿ ತೆರೆದಾಗಲೆಲ್ಲ ಬಿಸಿಯಾದ, ಒದ್ದೆಯಾದ ಗಾಳಿ ಮೇಜಿನ ಈಚೆಗೆ ಬರುತ್ತಿತ್ತು. ಶಿವಕುಮಾರನ ಗಂಟಲಲ್ಲಿ ಮುದ್ದೆ ಅಲ್ಲೇ ನಿಂತಿತು. ಕೀವಿನಲ್ಲಿ ಅದ್ದಿ ನುಂಗಿದ ಹಾಗೆ. ಎದ್ದು ಹೋಗಿ ಕಕ್ಕಿಕೊಂಡ.

"ನಿನಗೇನೂ ವಾಸನೆ ಬರ್ತಿಲ್ವಾ?" ಎಂದು ಮಲಗುವಾಗ ಮಧುರಾಳನ್ನು ಕೇಳಿದ.

"ಒಗ್ಗರಣೆ ಹಾಕಿದ್ರೇ ವಾಂತಿ ಮಾಡೋ ಬಸುರಿ ನಾನು. ಇದ್ದಿದ್ರೆ ನಿಮಗಿಂತ ಮುಂಚೆ ನನಗೆ ಬರ್ತಿರಲಿಲ್ವಾ ರೀ?"

ಅವನಿಗೆ ಭಯವಾದದ್ದು ಆಗ.

ಮೂರನೆಯ ದಿನಕ್ಕೆ ವಾಸನೆಯ ಜೊತೆಗೆ ನೋಟವೂ ಸೇರಿತು. ಟೀವಿಯ ಬೆಳಕಿನಲ್ಲಿ ತಮ್ಮನ ಮೂಗು ನೆನೆದ ಹತ್ತಿಯ ಹಾಗೆ ಊದಿ ಹೊಳೆಯುತ್ತಿತ್ತು. ಹೊಳ್ಳೆಯ ಅಂಚಿನಲ್ಲಿ ಅಕ್ಕಿಯ ಕಾಳಿನಂಥದ್ದು ಮಿಸುಕಿ ಒಳಗೆ ಸರಿಯಿತು. ಕಣ್ಣುಜ್ಜಿ ನೋಡಿದರೆ ಸರಿಯಾಗಿಯೇ ಇತ್ತು. ಅವನು ಉಂಡ ತಟ್ಟೆ ಮುಟ್ಟಲು ಹೇಸಿಗೆ. ಅವನು ಒರೆಸಿದ ಟವೆಲಿಗೆ ಹೇಸಿಗೆ. ತಮ್ಮ ಎರಡು ವರ್ಷದ ಕೂಸಾಗಿದ್ದಾಗ ಇದೇ ಮೂಗಿನ ಗೊಣ್ಣೆಯನ್ನು ತನ್ನ ಅಂಗಿಯ ತುದಿಯಿಂದ ಒರೆಸಿದವನು ಶಿವಕುಮಾರ. ಈಗ ತಮ್ಮ ನಡೆದುಹೋದ ದಾರಿಯಲ್ಲಿ ಉಸಿರು ಬಿಗಿಹಿಡಿಯುತ್ತಿದ್ದ. ಅದಕ್ಕಿಂತ ಹೇಸಿಗೆಯಾದದ್ದು ಬೇರೆ. ವಾಸನೆ ಹೆಚ್ಚಾದಾಗ ಶಿವಕುಮಾರನ ಕೈ ತಾನಾಗಿ ಏನನ್ನೋ ಹಿಡಿಯುವ ಹಾಗೆ ಮಡಚಿಕೊಳ್ಳುತ್ತಿತ್ತು. ಕೊಯ್ದರೆ ಮುಗಿಯಿತಲ್ಲ ಎನ್ನಿಸುತ್ತಿತ್ತು. ಹುಣ್ಣಿನ ಹುಳ ತೆಗೆದಷ್ಟೇ ಸಲೀಸಾಗಿ ಎನ್ನಿಸುತ್ತಿತ್ತು.

ಕುರ್ಚಿಯನ್ನು ಕಾರ್ಖಾನೆಗೆ ಒಯ್ದ. ಕೆಟ್ಟ ಭಾಗ ಕೊಯ್ಯುವ ದೊಡ್ಡ ಗರಗಸಕ್ಕೆ ಕೊಟ್ಟು ನಾಲ್ಕು ಹೋಳು ಮಾಡಿದ. ಹರಿದ ತೊಗಲಿನ ಕೆಳಗೆ ಅಂಗೈಯಷ್ಟು ಬಟ್ಟೆ. ಕಪ್ಪಾಗಿತ್ತು. ಕೈಗವಸಿನ ಬೆರಳಿಂದ ಒತ್ತಿದ. ಅಷ್ಟು ಶತಮಾನ ಒಣಗಿರಬೇಕಾದದ್ದು ಪಿಚಕ್ಕನೆ ಜಿನುಗಿತು. ಕಸದ ಡಬ್ಬಿಗೆ ಎಸೆದು ಮನೆಗೆ ಬಂದರೆ ವಾಸನೆ ಮೆಟ್ಟಿಲವರೆಗೂ ಇಳಿದು ಬಂದು ಅವನನ್ನು ಎದುರುಗೊಂಡಿತು.

ಮರುದಿನ ವೃದ್ಧಾಶ್ರಮ ಹುಡುಕಿಕೊಂಡು ಹೋದ. ಸ್ಮರಾಂಡಾ ಕಿಟಕಿಯ ಪಕ್ಕ ಕೂತಿದ್ದಳು. ಅವನ ಮುಖ ನೋಡಿದ ಕೂಡಲೇ, "ಸುಳ್ಳು ಹೇಳಿದೆಯಾ?" ಎಂದಳು.

"ಇಲ್ಲ. ಅವನು ಕಸಿನ್."

"ನಿನ್ನನ್ನು ಏನೆಂದು ಕರೆಯುತ್ತಾನೆ?"

"ಅಣ್ಣ ಎಂದು."

"ಹಾಗೆಂದರೆ?"

ಕಸಿನ್ ಎನ್ನಲು ಬಾಯಿ ತೆರೆದ. ಆ ಪದ ಬರಲಿಲ್ಲ. "ಎಲ್ಡರ್ ಬ್ರದರ್," ಎಂದ.

ಮುದುಕಿ ಕಣ್ಣು ಮುಚ್ಚಿಕೊಂಡಳು.

"ಇಂಗ್ಲಿಷಿನಲ್ಲಿ ಅವನು ಬ್ರದರ್ ಅಲ್ಲ," ಎಂದು ಶಿವಕುಮಾರ ಬೇಡುವವನ ಹಾಗೆ ಹೇಳಿದ.

"ಕುರ್ಚಿಗೆ ಇಂಗ್ಲಿಷ್ ಬರುವುದಿಲ್ಲ."

"ಅದನ್ನು ಕೊಯ್ದು ಎಸೆದೆ. ಆದರೂ ಹೋಗಿಲ್ಲ."

"ಕೂತದ್ದು ನೀನು. ಕೂತ ಮೇಲೆ ಗಾದಿ ನಿನ್ನ ಮೈಗೆ ಬಂತು. ಇನ್ನು ಅವನು ಊನವಾಗಬೇಕು. ನನ್ನ ಗಂಡನ ಅಣ್ಣ ಮೂರು ತಿಂಗಳು ತಡೆದ. ಕೊಯ್ದ ದಿನ ಎಳೆಗೂಸಿನ ಹಾಗೆ ನಿದ್ದೆ ಮಾಡಿದ."

"ನಿಮ್ಮ ಗಂಡ?"

"ನಲವತ್ತು ವರ್ಷ ಅವನ ಪಕ್ಕ ಮಲಗಿದೆ," ಎಂದಳು. ಅವಳ ಕೈ ಹಳೆಯ ಅಭ್ಯಾಸದಂತೆ ಕುತ್ತಿಗೆಯ ಸ್ಕಾರ್ಫಿನ ತುದಿಯನ್ನು ಮೂಗಿಗೆ ಒಯ್ದಿತು.

ಶಿವಕುಮಾರ ಬಾಗಿಲವರೆಗೆ ಹೋಗಿ ತಿರುಗಿದ. ಒಂದಕ್ಕೊಂದು ಕೂಡದ ಎರಡು ಭಾಗಗಳಿದ್ದರೆ ಯಾವುದನ್ನು ಕೊಯ್ದು ಎಸೆದರೂ ತಂಟೆ ಮುಗಿಯುತ್ತದೆ. ಅದು ಅವನ ಕೆಲಸ. "ಕೂತವನೇ ಊನವಾದರೆ?"

"ಅದನ್ನು ಯಾವ ರಾಜನೂ ಕೇಳಿಲ್ಲ," ಎಂದಳು ಮುದುಕಿ.

ಧನುರ್ಮಾಸ ಹಿಡಿಯುವ ಮೊದಲೇ ಸೀಮಂತ ಮುಗಿಯಬೇಕೆಂದು ಡಿಸೆಂಬರಿನ ಎರಡನೆಯ ಭಾನುವಾರ ಇಟ್ಟುಕೊಂಡಿದ್ದರು. ಪಕ್ಕದೂರು ಸಮಾಮಿಶ್‌ನಿಂದ ಸ್ನೇಹಿತರು ಐದು ಗಂಟೆಗೆ ಬರುವವರು. ನಾಲ್ಕೂಕಾಲಿಗೇ ಹೊರಗೆ ಬೆಳಕು ಬತ್ತುತ್ತಿತ್ತು. ಮಧುರಾ ಕೋಣೆಯಲ್ಲಿ ಹಸಿರು ಸೀರೆ ಉಡುತ್ತಿದ್ದಳು. ಬಳೆಗಳ ಸದ್ದು ಕೇಳುತ್ತಿತ್ತು. ಸಂದೀಪ್ ಅಡಿಗೆಮನೆಯ ನೆಲದ ಮೇಲೆ ಈಳಿಗೆಮಣೆ ಹಾಕಿ ಕೂತು, ಕೋಸಂಬರಿಗೆ ಸೌತೆಕಾಯಿ ಹೆಚ್ಚುತ್ತಿದ್ದ. ಶಿವಕುಮಾರನ ಅವ್ವ ಪಂಚೆಯಲ್ಲಿ ಸುತ್ತಿ ಸಂದೀಪನ ಕೈಲಿ ಕಳಿಸಿದ್ದ ಮಣೆ. ಬರುವ ಮುಂಚೆ ಸಾಣೆ ಹಿಡಿಸಿದ್ದು.

"ಅಣ್ಣೋ, ಲೈಟ್ ಹಾಕು. ಬೆರಳ್ ಕುಯ್ಕೊಂಡ್ಬುಟ್ಟೇನು," ಎಂದ.

ಶಿವಕುಮಾರ ಲೈಟು ಹಾಕಲಿಲ್ಲ. ಹೊಸ್ತಿಲಲ್ಲಿ ನಿಂತಿದ್ದ. ಸೌತೆಕಾಯಿಯ ಹಸಿ ಕಂಪು ಇರಬೇಕಿತ್ತು. ಕೊತ್ತಂಬರಿಯ ಕಂಪು ಇರಬೇಕಿತ್ತು. ಇರಲಿಲ್ಲ. ಅದೊಂದೇ ಇತ್ತು. ನೆಲದಿಂದ ಮೇಲೆ ಹಬೆಯಂತೆ ಏಳುತ್ತಿತ್ತು. ನಾಲಿಗೆಯ ಮೇಲೆ ಕೂತಿತು. ಹಲ್ಲಿನ ಸಂದಿಗೆ ಇಳಿಯಿತು. ಕಣ್ಣಲ್ಲಿ ನೀರು ಬಂತು. ತಮ್ಮ ಬಾಗಿ ಕೂತಿದ್ದ. ಅವನ ಮುಖದ ನಡುವೆ ಮೂಗಿರಲಿಲ್ಲ. ತೂತಿತ್ತು. ತೂತು ತುಂಬ ಬಿಳಿ ಬಿಳಿ. ಕುದಿಯುತ್ತಿತ್ತು. ಒಂದು ಉದುರಿ ಸೌತೆಕಾಯಿಯ ಹೋಳುಗಳ ಮೇಲೆ ಬಿತ್ತು. ಇನ್ನೊಂದು ಬಿತ್ತು. ತಮ್ಮ ಆ ಹೋಳನ್ನೇ ಎತ್ತಿ ಬಾಯಿಗೆ ಹಾಕಿಕೊಂಡ. ಜಗಿದ.

ಕೈ ಮುಂದೆ ಹೋಯಿತು. ತಮ್ಮನ ಕೂದಲು ಹಿಡಿಯಿತು.

"ಬುಡಣ್ಣೋ, ಈಗ್ ತಾನೇ ತಲೆ ಬಾಚಿವ್ನಿ," ಎಂದ ಸಂದೀಪ್, ನಗುತ್ತ.

ಕೈ ತಳ್ಳಿತು. ಕೆಳಗೆ. ಈಳಿಗೆಯ ಬಾಗಿದ ಅಲಗು ಕತ್ತಲಲ್ಲೂ ಹೊಳೆಯುತ್ತಿತ್ತು. ಒಂದು ಗೇಣು. ನಾಲ್ಕು ಬೆರಳು. ಎರಡು. ಒತ್ತಿದರೆ ಸಾಕು. ಒತ್ತಿದರೆ ಗಾಳಿ ಬರುತ್ತದೆ. ಒತ್ತಿದರೆ ನಿದ್ದೆ ಬರುತ್ತದೆ. ಸಂದೀಪನ ನಗು ನಿಂತಿತು. ಅವನು ಕೊಸರಲಿಲ್ಲ. ಕುತ್ತಿಗೆ ಬಿಗಿಯಲಿಲ್ಲ. ಅಣ್ಣ ತಲೆ ಹಿಡಿದಾಗ ಕೊಸರುವ ಅಭ್ಯಾಸವೇ ಅವನಿಗಿರಲಿಲ್ಲ. ಕಣ್ಣು ಮಾತ್ರ ಮೇಲೆತ್ತಿದ.

"ಏನಾಯ್ತಣ್ಣ? ಉಸಾರಿಲ್ವಾ?"

ಶಿವಕುಮಾರ ಅವನನ್ನು ಪಕ್ಕಕ್ಕೆ ದೂಡಿದ. ಬಲವಾಗಿ. ಸಂದೀಪ್ ಹೋಗಿ ಫ್ರಿಜ್ಜಿಗೆ ಬಡಿದುಕೊಂಡ. ಶಿವಕುಮಾರ ಮೊಣಕಾಲೂರಿದ. ಒಂದು ಕಾಲಲ್ಲಿ ಮಣೆ ಒತ್ತಿದ. ಎರಡು ಕೈಯಲ್ಲಿ ತನ್ನ ತಲೆಯನ್ನೇ ಹಿಡಿದ. ಕಣ್ಣು ಮುಚ್ಚಲಿಲ್ಲ. ಅಲಗು ಹತ್ತಿರ ಬಂತು. ತಣ್ಣಗೆ ಮುಟ್ಟಿತು. ಎಳೆದ.

ಸೌತೆಕಾಯಿ ಹೆಚ್ಚಿದಷ್ಟೇ ಸದ್ದು.

ಆಮೇಲೆ ಯಾರೋ ಕೂಗಿದರು. ಬಳೆಗಳು ಓಡಿ ಬಂದವು. ಬಿಸಿಯಾದದ್ದು ಬಾಯೊಳಗೆ, ಗಂಟಲೊಳಗೆ ಇಳಿಯಿತು. ಉಪ್ಪು. ಆದರೆ ವಾಸನೆ ಇರಲಿಲ್ಲ. ಏನೂ ಇರಲಿಲ್ಲ. ರಕ್ತದ ನಡುವೆ ಅವನು ತಮ್ಮನ ಮುಖ ಹುಡುಕಿದ. ಮೂಗು ಇತ್ತು. ಅವರ ಅಜ್ಜನ ಮೂಗು, ಗಿಣಿಮೂಗು, ನೆಟ್ಟಗೆ, ಬೆವರಿ, ಚೆನ್ನಾಗಿತ್ತು.

ಜಾರಿ ಈಳಿಗೆಯ ಮೇಲೆ ಬಿದ್ದೆ ಎಂದು ಆಸ್ಪತ್ರೆಯಲ್ಲಿ ಬರೆಸಿದ. ಹೊಲಿದು ಕೂರಿಸಿದ ತುಂಡು ನಾಲ್ಕನೆಯ ದಿನ ಕಪ್ಪಾಯಿತು, ತೆಗೆದರು. ಸಂದೀಪನಿಗೆ ನಡೆದದ್ದನ್ನೆಲ್ಲ ಹೇಳಿದ. ಸಂದೀಪ್ ನಂಬಿದನೋ ಇಲ್ಲವೋ, ಹಾಸಿಗೆಯ ಕಾಲಿಗೆ ಹಣೆಯೊತ್ತಿ ಅತ್ತ. ಬೇರೆ ಮನೆ ನೋಡುವುದನ್ನು ಬಿಟ್ಟ. ಅಡಿಗೆ ಅವನೇ ಮಾಡಿದ, ಅತ್ತಿಗೆಯನ್ನು ಡಾಕ್ಟರ ಬಳಿ ಅವನೇ ಡ್ರೈವ್ ಮಾಡಿಕೊಂಡು ಹೋದ. ಜನವರಿಯಲ್ಲಿ ಗಾಯ ಪೂರ್ತಿ ಒಣಗಿದೆ, ಎಳ್ಳಷ್ಟೂ ಸೋಂಕಿಲ್ಲ ಎಂದು ಡಾಕ್ಟರು ದೂರ ನಿಂತು ಹೇಳಿದರು. ಹೇಳುವಾಗ ಎರಡು ಮಾಸ್ಕು ಹಾಕಿದ್ದರು.

ಅದೇ ವಾರ ಮಧುರಾ ನಡುಮನೆಯ ಸೋಫಾಕ್ಕೆ ಮಲಗಲು ಹೋದಳು. "ಬೆನ್ನು ನೋವು ರೀ," ಎಂದಳು. ಅವಳ ಕಣ್ಣಲ್ಲಿ ನೀರಿತ್ತು. ಇವನು ಒಂದು ಹೆಜ್ಜೆ ಹತ್ತಿರ ಹೋದ. ಅವಳು ಸೆರಗನ್ನು ಬಾಯಿಗೆ ತುರುಕಿಕೊಂಡು ಬಚ್ಚಲಿಗೆ ಓಡಿದಳು. ಶಿವಕುಮಾರ ತನ್ನ ಅಂಗೈಗೆ ಊದಿಕೊಂಡು ನೋಡಿದ, ತೋಳನ್ನು ಮುಖಕ್ಕೆ ಹಿಡಿದು ನೋಡಿದ. ಅವನಿಗೆ ತಿಳಿಯುವಂತಿರಲಿಲ್ಲ. ಕಾರ್ಖಾನೆಯಲ್ಲಿ ಅವನ ಮೇಜಿನ ಸುತ್ತಲಿನ ಮೇಜುಗಳು ಒಂದೊಂದಾಗಿ ಖಾಲಿಯಾದವು. ಲಿಫ್ಟಿನ ಬಾಗಿಲು ತೆರೆದು ಅವನನ್ನು ಕಂಡವರು ಮೆಟ್ಟಿಲು ಹತ್ತಿದರು.

ಮಾರ್ಚಿನಲ್ಲಿ ಹೆಣ್ಣುಮಗುವಿನ ನಾಮಕರಣ. ಚಳಿಯಲ್ಲೂ ಕಿಟಕಿಗಳನ್ನೆಲ್ಲ ತೆರೆದಿಟ್ಟಿದ್ದರು. ಊದುಬತ್ತಿಯ ಹೊಗೆ ಮನೆ ತುಂಬ ಹರಡಿತ್ತು. ಬಂದ ನಾಲ್ಕಾರು ಜನ ಕೋಸಂಬರಿ ಮುಟ್ಟದೆ, ಪಾರ್ಕಿಂಗ್ ಸರಿಯಿಲ್ಲ, ನಮ್ಮ ಮಗುವಿಗೆ ನೆಗಡಿ ಎಂದು ಹೇಳಿ ಎದ್ದರು. ಶಿವಕುಮಾರ ಒಳಕೋಣೆಯ ಕಿಟಕಿಯ ಕೆಳಗೆ, ಪಂಚೆಯುಟ್ಟು, ಚಾಪೆಯ ಮೇಲೆ ಕೂತಿದ್ದ.

ಮಗುವನ್ನು ಅಪ್ಪನ ತೊಡೆಯ ಮೇಲಿಟ್ಟು ಹೆಸರು ಕರೆಸಬೇಕು. ಸಂದೀಪ್ ಎತ್ತಿಕೊಂಡು ಬಂದ. ಹೊಸ ಬಟ್ಟೆಯಲ್ಲಿ ಸುತ್ತಿದ ಕೂಸು. ಮೂರು ಹೆಜ್ಜೆ ದೂರದಲ್ಲಿ ಅವನ ಕಾಲು ನಿಂತಿತು. ಮುಖ ಬಿಳಿಚಿತು. ಒಂದು ಕೈ ಮೇಲೆದ್ದು ಮೂಗಿನ ಹತ್ತಿರ ಬಂತು. ಅದನ್ನು ಅವನೇ ಹಿಡಿದು ಕೆಳಗಿಳಿಸಿದ. ಇನ್ನೊಂದು ಹೆಜ್ಜೆ ಇಟ್ಟ. ಮಗು ಮುಖ ಕಿವುಚಿ, ಉಸಿರು ಕಟ್ಟಿ, ನೀಲಿಯಾಗುವವರೆಗೆ ಚೀರಿತು.

"ಹಿಡ್ಕೊ ಅಣ್ಣ," ಎಂದ ಸಂದೀಪ್, ಹಲ್ಲು ಕಚ್ಚಿ. ಅವನ ಕಣ್ಣಿನಿಂದ ನೀರು ಇಳಿಯುತ್ತಿತ್ತು. "ಏನಾಗಾಕಿಲ್ಲ. ಹಿಡ್ಕೊ."

ಶಿವಕುಮಾರ ಚಾಚಿದ್ದ ಎರಡು ಕೈಗಳನ್ನೂ ಹಿಂದಕ್ಕೆ ಎಳೆದು ತೊಡೆಯ ಕೆಳಗೆ ಇಟ್ಟುಕೊಂಡ.

"ಬ್ಯಾಡ ಕಣ್ಲಾ. ಹೆಸ್ರು ನೀನೇ ಕರಿ," ಎಂದ. "ಬಾಗ್ಲು ಹಾಕ್ಕೊಂಡ್ ಹೋಗು."